ಹಾಲು ಉಕ್ಕುವವರೆಗೆ

"ಹಾಲು ಉಕ್ಕೋತನಕ ಈ ಅಡಗಿಮನಿಯೊಳಗ ಯಾರ ಹೆಸರೂ ಹಿಡದು ಕರೀಬ್ಯಾಡ್ರಿ, ಮೇಡಂ," ಎಂದ ಗೌಂಡಿ ಮದಾರಸಾಬ. ಅವನ ಕಣ್ಣು ಭವಾನಿಯ ಮೇಲಿರಲಿಲ್ಲ. ಎದುರಿನ ಸುಟ್ಟ ಗೋಡೆಯ ಮೇಲಿತ್ತು. ತನ್ನ ಮಾತು ಆ ಗೋಡೆಗೆ ಕೇಳಿಸಬಾರದು ಎಂಬಂತೆ ದನಿ ತಗ್ಗಿಸಿದ್ದ.

ಹನುಮಸಾಗರದ ಆ ಮನೆಯ ಅಡುಗೆಮನೆಗೆ ಬೆಂಕಿ ಬಿದ್ದು ಹದಿನೆಂಟು ದಿನವಾಗಿತ್ತು. ಸಿಲಿಂಡರಿನ ಪೈಪು ಸೋರಿತ್ತು, ಫ್ರಿಜ್ಜಿನ ಕಿಡಿ ತಗುಲಿತ್ತು. ಆ ಹೊತ್ತಿಗೆ ಭವಾನಿ ಕುಷ್ಟಗಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಮಾಡುತ್ತಿದ್ದಳು. ಗಂಡ ಗವಿಸಿದ್ದೇಶ ತನ್ನ ಬೀಜ-ಗೊಬ್ಬರದ ಅಂಗಡಿಯಲ್ಲಿದ್ದ. ಅತ್ತೆ ವಿರೂಪಾಕ್ಷಮ್ಮ ಗುಡಿಗೆ ಹೋಗಿದ್ದಳು. ಯಾರಿಗೂ ಏನೂ ಆಗಲಿಲ್ಲ. ಅದೇ ವಿಚಿತ್ರವೆಂದು ಓಣಿಯವರು ಮಾತಾಡಿಕೊಂಡರು.

ಒಳಗೆ ನಿಂತರೆ ಮೂಗಿಗೆ ಮೊದಲು ಬಡಿಯುತ್ತಿದ್ದುದು ಕರಗಿದ ಪ್ಲಾಸ್ಟಿಕ್ಕಿನ ಕಟುವಾಸನೆ. ಅದರ ಹಿಂದೆ ಸುಟ್ಟ ಎಣ್ಣೆ, ಸುಟ್ಟ ಮೆಣಸಿನಕಾಯಿ. ಎಲ್ಲದರ ಅಡಿಯಲ್ಲಿ ಕೂದಲು ಸೀದಂಥ, ಎಲ್ಲಿಂದ ಬಂತೆಂದು ಹೇಳಲಾಗದ ಒಂದು ನಾತ. ಡಬ್ಬಿಗಳು ಕರಗಿ ಬೇಳೆಕಾಳುಗಳನ್ನು ಹೊಟ್ಟೆಯೊಳಗೇ ಹಿಡಿದುಕೊಂಡು ಗಟ್ಟಿಯಾಗಿದ್ದವು. ಕಿಟಕಿಗೆ ತಗಡು ಹೊಡೆದಿದ್ದರಿಂದ ನಡುಮಧ್ಯಾಹ್ನವೂ ಅಲ್ಲಿ ಕತ್ತಲು.

ಆ ದಿನ ಮದಾರಸಾಬ ಒಲೆಕಟ್ಟೆಯ ಬಿರುಕುಬಿಟ್ಟ ಕಡಪಾ ಕಲ್ಲನ್ನು ಎಬ್ಬಿಸಿದಾಗ, ಅದರಡಿಯ ಗಾರೆಯೊಳಗೆ ಅಂಗೈಯಗಲದ ಒಂದು ಸೀಸದ ತಗಡು ಸಿಕ್ಕಿತ್ತು. ಅದರ ಮೇಲೆ ಮೊಳೆಯಿಂದ ಕೊರೆದ ಚೌಕಗಳು, ಚೌಕಗಳೊಳಗೆ ಅಂಕಿಗಳು. ಕೆಳತುದಿ ಮಾತ್ರ ಕರಗಿ ಹನಿಯಾಗಿ ಹೆಪ್ಪುಗಟ್ಟಿತ್ತು. ಮದಾರಸಾಬ ಅದನ್ನು ಕೈಯಿಂದ ಮುಟ್ಟಲಿಲ್ಲ, ಕರಣಿಯ ತುದಿಯಿಂದ ಹೊರಳಿಸಿ ನೋಡಿದ.

"ತಾನಾಗಿ ಬಿದ್ದ ಬೆಂಕಿಗಿ ಹೆಸರ ಬೇಕಾಗಿಲ್ರಿ. ಇದು ಕಳಿಸಿದ ಬೆಂಕಿ. ಯಾರನ್ನ ಒಯ್ಯಾಕ ಬಂದಿತ್ತೋ ಆ ಹೆಸರ ಇಲ್ಲಿತ್ತು, ತುದೀಗಿ. ತನ್ನ ಕಾವಿಗೆ ತಾನಽ ಸುಟ್ಕೊಂಡೈತಿ. ಈಗ ಗ್ವಾಡ್ಯಾಗ ಕುಂತು ಕಿವಿ ಕೊಟ್ಟೈತಿ. ಮೊದಲ ಯಾರ ಹೆಸರ ಬೀಳತೈತೋ, ಅವರು."

ಹೊಸ ಒಲೆಯ ಮೇಲೆ ಹಾಲು ಉಕ್ಕುವ ತನಕ ಯಾವ ಹೆಸರೂ ಕೇಳಿಸದಿದ್ದರೆ ಅದು ಬರಿಗೈಯಲ್ಲಿ ಹೊರಟುಹೋಗುತ್ತದೆ ಎಂದೂ ಹೇಳಿದ. ಬಾಗಿಲಲ್ಲಿ ನಿಂತಿದ್ದ ವಿರೂಪಾಕ್ಷಮ್ಮ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಯಾರು ಇಟ್ಟದ್ದು ಎಂದು ಅವಳು ಕೇಳಲಿಲ್ಲ. ಕೇಳಿದರೆ ಉತ್ತರವಾಗಿ ಒಂದು ಹೆಸರೇ ಬರಬೇಕಲ್ಲ.

ಭವಾನಿಗೆ ನಗು ಬಂತು. ಸೀಸ ಮುನ್ನೂರ ಇಪ್ಪತ್ತೇಳು ಡಿಗ್ರಿಗೆ ಕರಗುತ್ತದೆ ಎಂದಳು. ಗೋಡೆಯ ಮೇಲಿರುವುದು ಇಂಗಾಲ, ಇಂಗಾಲಕ್ಕೆ ಕಿವಿಯಿಲ್ಲ ಎಂದಳು. ದಾವಣಗೆರೆಯಿಂದ ಈ ಮನೆಗೆ ಬಂದು ಮೂರು ವರ್ಷವಾಗಿತ್ತು. ಧಾರವಾಡದಲ್ಲಿ ಒಟ್ಟಿಗೆ ಓದುವಾಗಿನಿಂದ ಗಂಡನನ್ನು ಹೆಸರು ಹಿಡಿದೇ ಕರೆದವಳು ಅವಳು. ಮದುವೆಯ ಮರುದಿನ ಅತ್ತೆ ಅದಕ್ಕೆ ಮುಖ ತಿರುಗಿಸಿದ್ದನ್ನು ಮರೆತಿರಲಿಲ್ಲ.

"ಹಾಜರಿ ಕರೆಯೋದು ನನ್ನ ದಿನದ ಕೆಲಸ, ಸಾಬ್ರೇ. ನೋಡೇಬಿಡೋಣ," ಎಂದು ಗೋಡೆಯ ಕಡೆ ಮುಖ ಮಾಡಿ, ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ ಕರೆದಳು. "ಗವಿಸಿದ್ದೇಶ."

ಪಡಸಾಲೆಯಲ್ಲಿ ಗೋಡೆಗೆ ಹಚ್ಚುವ ಪುಟ್ಟಿಯ ಚೀಲ ಇಳಿಸುತ್ತಿದ್ದ ಅವನು, "ಓ, ಬಂದೆ," ಎಂದ.

ಏನೂ ಆಗಲಿಲ್ಲ. ಗೋಡೆಯ ಮೇಲಿಂದ ಒಂದು ಚೂರು ಮಸಿ ಉದುರಿತು, ಅಷ್ಟೆ. ಮದಾರಸಾಬ ಕರಣಿಯನ್ನು ಚೀಲಕ್ಕೆ ಹಾಕಿಕೊಂಡು, ಯಾರಿಗೂ ಬೆನ್ನು ತೋರಿಸದೆ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು ಹೊರಗೆ ಹೋದ. ಮತ್ತೆ ಬರಲಿಲ್ಲ. ಅಂದಿನಿಂದ ವಿರೂಪಾಕ್ಷಮ್ಮ ಸೊಸೆಯೊಡನೆ ಮಾತು ಬಿಟ್ಟಳು. ಜಗಳವಿಲ್ಲ, ಬೈಗುಳವಿಲ್ಲ. ತಟ್ಟೆ ಮುಂದಿಡುತ್ತಿದ್ದಳು, ತೆಗೆಯುತ್ತಿದ್ದಳು.

ಅವಳು ಕುಷ್ಟಗಿಯಿಂದ ಬೇರೆ ಕೆಲಸಗಾರರನ್ನು ಕರೆಸಿದಳು. ಟೊಳ್ಳು ಸದ್ದು ಬರುವ ಗಾರೆಯನ್ನೆಲ್ಲ ಕೆಡವಿಸಿದಳು. ಸೋಡಾ ನೀರಿನಲ್ಲಿ ಗೋಡೆ ತೊಳೆಸಿ, ತಂತಿ ಬ್ರಷ್ಷಿನಲ್ಲಿ ಉಜ್ಜಿಸಿ, ಪುಟ್ಟಿ ಹಾಕಿಸಿ, ಎರಡು ಕೋಟು ಬಿಳಿ ಬಣ್ಣ ಬಳಿಸಿದಳು. ಹೊಸ ಕಡಪಾ ಕಲ್ಲು ಕೂತಿತು. ಹೊಸ ವೈರು ಬಂತು. ಕೆಲಸಗಾರರು ಒಳಗೆ ಒಬ್ಬರಿಗೊಬ್ಬರು ಹೆಸರಿಲ್ಲದೆ, "ಏ, ಇಲ್ಲಿ ಹಿಡಿ," ಎಂದಷ್ಟೇ ಮಾತಾಡುತ್ತಿದ್ದುದನ್ನು ಗಮನಿಸಿದಳು. ಇವರಿಗೆ ಯಾರು ಹೇಳಿದರೋ.

ಗವಿಸಿದ್ದೇಶನಿಗೆ ಕೆಮ್ಮು ಶುರುವಾದದ್ದು ಆ ವಾರವೇ. ಧೂಳು ಕುಡಿದಿದ್ದಾನೆ ಎಂದುಕೊಂಡಳು. ಅಂಗಡಿಯಲ್ಲೇ ದಿನವಿಡೀ ಕೂತವನ ಬಿಳಿ ಅಂಗಿಯ ಕಾಲರು ಸಂಜೆಗೆ ಕಪ್ಪಾಗಿರುತ್ತಿತ್ತು. ಕರವಸ್ತ್ರ ಕಪ್ಪಾಗುತ್ತಿತ್ತು. ಏನು ಉಂಡರೂ ಬೂದಿಯ ರುಚಿ ಎನ್ನುತ್ತಿದ್ದ. ಒಂದು ಬೆಳಿಗ್ಗೆ ತಲೆ ಒರೆಸಲು ಹೋದಾಗ ಅವನ ಹಣೆಯ ಮೇಲಿನ ಕೂದಲ ತುದಿಗಳು ಸುರುಟಿ, ಮುಟ್ಟಿದರೆ ಪುಡಿಯಾದವು. ವೈದ್ಯರು ಎಕ್ಸ್‌ರೇ ತೆಗೆಸಿದರು. ಎದೆ ಸ್ವಚ್ಛವಾಗಿತ್ತು.

ಅದೇ ದಿನ ಅಡುಗೆಮನೆಯ ಬಿಳಿ ಗೋಡೆಯ ಮೇಲೆ ಕಲೆ ಎದ್ದಿತು.

ಒಳಗಿನ ಮಸಿ ಬಣ್ಣವನ್ನು ಹಾಯ್ದು ಬರುವುದು ಅಪರೂಪವಲ್ಲ. ಅವಳಿಗೆ ಗೊತ್ತಿತ್ತು. ಮತ್ತೊಂದು ಕೋಟು ಬಳಿಸಿದಳು. ಮತ್ತೆ ಎದ್ದಿತು. ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಹಾಕಿ, ಅಳೆದು, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡಳು. ಮರುದಿನ ಕಲೆ ಗೆರೆ ದಾಟಿತ್ತು. ಮೂರನೆಯ ದಿನ ಅದಕ್ಕೆ ತಲೆಯಿತ್ತು, ಹೆಗಲಿತ್ತು. ಎಡಹೆಗಲು ಬಲಕ್ಕಿಂತ ತುಸು ತಗ್ಗಿತ್ತು. ಗೊಬ್ಬರದ ಚೀಲ ಹೊತ್ತು ಹೊತ್ತು ಜಗ್ಗಿದ ಆ ಹೆಗಲನ್ನು ಅವಳು ಜಗತ್ತಿನ ಯಾವ ಗುಂಪಿನಲ್ಲೂ ಗುರುತಿಸಬಲ್ಲವಳಾಗಿದ್ದಳು.

ಸ್ಕೇಲನ್ನು ಕೆಳಗಿಟ್ಟು ಹೊರಗೆ ಬಂದಳು. ನೇರ ಮದಾರಸಾಬನ ಮನೆಗೆ ಹೋದಳು.

ಅವನ ಹೆಂಡತಿ ಮೆಹಬೂಬಬೀ ಚಾಪೆ ಹಾಸಿದಳು, ಚಹಾ ಕೊಟ್ಟಳು, ಒಳಗೆ ಹೋದಳು. ಮದಾರಸಾಬ ಎದುರಿಗೆ ಬಂದು ಕೂತ. ಭವಾನಿ ತಪ್ಪೊಪ್ಪಿಕೊಳ್ಳಲಿಲ್ಲ, ಅಳಲೂ ಇಲ್ಲ. ಬಿಡಿಸುವ ದಾರಿ ಕೇಳಿದಳು.

"ಹೇಳಿದ ಬಾಯೀನಽ ಇನ್ನೊಂದು ಹೆಸರ ಹೇಳಬೇಕ್ರಿ. ಹಾಲು ಉಕ್ಕೋದ್ರಾಗ. ಉಕ್ಕಿದ ಮ್ಯಾಲೆ ಯಾರ ಕೈಯಾಗೂ ಇಲ್ಲ. ಯಾವ ಹೆಸರ ಅದರ ಕಡೆ ಐತೋ, ಅವರದು ಏನ ಉಳದೈತೋ ಎಲ್ಲಾ ತಗೊಂಡು ಹೋಗತೈತಿ."

"ಹಾಲು ಇಡದೇ ಇದ್ರೆ?"

"ದಿನಾ ಇಷ್ಟಿಷ್ಟು ತಿಂತೈತಿ. ನೀವಽ ನೋಡಾಕತ್ತೀರಲ್ಲ."

ಶುಕ್ರವಾರ ಬೆಳಿಗ್ಗೆ ಹಾಲು ಉಕ್ಕಿಸುವುದೆಂದು ಅವಳೇ ಗೊತ್ತುಮಾಡಿದಳು. ಯಾರ ಹೆಸರು ಹೇಳುವುದೆಂದೂ ಅವಳಿಗೆ ಅನುಮಾನವಿರಲಿಲ್ಲ. ತನ್ನದೇ. ತನ್ನ ಬಾಯಿ ಮಾಡಿದ್ದನ್ನು ತಾನೇ ತೀರಿಸಬೇಕು. ಆ ನಿರ್ಧಾರದಲ್ಲಿ ಒಂದು ಬಗೆಯ ತಣ್ಣಗಿನ ಸಮಾಧಾನವೂ ಇತ್ತು. ಹಿಂದಿನ ದಿನ ಕಾಲೇಜಿನ ಉತ್ತರಪತ್ರಿಕೆಗಳನ್ನೆಲ್ಲ ನೋಡಿ ಮುಗಿಸಿ, ಕಟ್ಟು ಕಟ್ಟಿಟ್ಟಳು.

ಶುಕ್ರವಾರ ಗವಿಸಿದ್ದೇಶ ಹಾಸಿಗೆಯಿಂದ ಏಳಲಿಲ್ಲ. ಪಡಸಾಲೆಯಲ್ಲಿ ಮಲಗಿದ್ದವನ ಉಸಿರು ಕುಲುಮೆಯ ತಿದಿಯಂತೆ ಏರಿಳಿಯುವ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಓಣಿಯ ನಾಲ್ಕು ಹೆಂಗಸರು ಆರತಿ ತಟ್ಟೆ ಹಿಡಿದು ಅಂಗಳದಲ್ಲೇ ನಿಂತಿದ್ದರು. ಒಳಗೆ ಯಾರೂ ಬರಲಿಲ್ಲ.

ಭವಾನಿ ಹೊಸ ಒಲೆ ಹಚ್ಚಿದಳು. ಪಾತ್ರೆಯಿಟ್ಟಳು. ಹಾಲು ಸುರಿದಳು.

ಉರಿ ನೆಟ್ಟಗೆ ನಿಲ್ಲಲಿಲ್ಲ. ಗಾಳಿಯಿರಲಿಲ್ಲ, ಆದರೂ ಗೋಡೆಯ ಕಡೆ ವಾಲಿತು. ಕರೆದ ಕಡೆಗೆ ತಿರುಗುವ ನಾಯಿಯ ಮೂತಿಯಂತೆ. ಬಲ್ಬು ಮಂಕಾಯಿತು, ಆರಿತು. ಇನ್ನೂ ತಗಡು ಹೊಡೆದೇ ಇದ್ದ ಕಿಟಕಿಯಿಂದ ಬೆಳಕಿನ ಒಂದು ಎಳೆ ಮಾತ್ರ ಉಳಿಯಿತು. ಕೂದಲು ಸೀದ ವಾಸನೆ ಎದ್ದು ಗಂಟಲಿಗೆ ಅಡರಿತು. ಹಿಂದೆ ಸರಿದಾಗ ಗೋಡೆಗೆ ಬೆನ್ನು ತಾಗಿತು. ಕಾದ ಹಂಚಿನಷ್ಟು ಬಿಸಿ. ಹೌಹಾರಿ ತಿರುಗಿ ನೋಡಿದಳು. ಕಲೆಗೆ ಈಗ ಬಾಯಿತ್ತು. ಆ ಬಾಯಿ, ಹೊರಗೆ ಮಲಗಿದವನ ಉಸಿರಿನ ಲಯಕ್ಕೆ ಸರಿಯಾಗಿ, ತೆರೆದು ಮುಚ್ಚುತ್ತಿತ್ತು.

ಹಾಲಿನ ಮೇಲೆ ಕೆನೆ ಕಟ್ಟಿತು. ಅಂಚಿನಲ್ಲಿ ಸಣ್ಣ ಗುಳ್ಳೆಗಳು.

ಈಗ. ಭವಾನಿ, ಎನ್ನಬೇಕು. ಮೂರೇ ಅಕ್ಷರ. ಬಾಯಿ ತೆರೆದಳು. ನಾಲಿಗೆ ಏಳಲಿಲ್ಲ. ಒಂದು ವಾರದ ತಣ್ಣಗಿನ ಸಮಾಧಾನವೆಲ್ಲ ಆ ಕಾವಿಗೆ ಎಲ್ಲಿ ಹೋಯಿತೋ, ಉಳಿದದ್ದು ಬದುಕುವ ಆಸೆಯೊಂದೇ. ಅವಳಿಗೆ ನಾಚಿಕೆಯಾಯಿತು. ಆದರೂ ನಾಲಿಗೆ ಏಳಲಿಲ್ಲ.

ಹೊಸ್ತಿಲ ಮೇಲೆ ಯಾರೋ ಬಂದು ನಿಂತರು. ವಿರೂಪಾಕ್ಷಮ್ಮ. ಇಪ್ಪತ್ತು ದಿನಗಳ ಮೇಲೆ ಮೊದಲ ಸಲ ಮಾತಾಡಿದಳು.

"ನನ್ನ ಹೆಸರ ಹೇಳಬೇ. ನನಗ ವಯಸ್ಸಾಗೈತಿ. ನನ್ನ ಮಗನ್ನ ಉಳಸು."

ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಭವಾನಿಗೆ ತಡೆಯಲಾಗಲಿಲ್ಲ. ಹಾಲು ಏರತೊಡಗಿತು. ಪಾತ್ರೆಯ ಅರ್ಧ. ಮುಕ್ಕಾಲು. ಹೊರಗಿನ ಉಸಿರು ತಟ್ಟನೆ ನಿಂತಿತು. ತಿದಿಯ ಸದ್ದಿಲ್ಲ. ಅಂಗಳದ ಹೆಂಗಸರ ಪಿಸುಮಾತಿಲ್ಲ. ಇಡೀ ಮನೆ ಕಿವಿಯಾಗಿ ನಿಂತಿತು.

ಆಗ ಹೊಳೆಯಿತು. ಸತ್ತವರ ಹೆಸರು.

ಅವಳ ತಾಯಿ ಕೊಟ್ರಮ್ಮ ತೀರಿಹೋಗಿ ನಾಲ್ಕು ವರ್ಷ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತು ವರ್ಷ ಕಾದ ಮರಳಿನ ಮುಂದೆ ನಿಂತು ಮಗಳನ್ನು ಓದಿಸಿದವಳು. ಮೊಣಕೈವರೆಗೂ ಸುಟ್ಟ ಕಲೆಗಳಿದ್ದವಳು. ಈಗ ಮಣ್ಣಿನಡಿ ಮಣ್ಣಾಗಿದ್ದಾಳೆ. ಬೆಂಕಿ ಅವಳನ್ನು ಏನು ಮಾಡೀತು? ಒಯ್ಯಲು ಅವಳದು ಏನು ಉಳಿದಿದೆ? ಲೆಕ್ಕ ಸರಿಯಾಗಿತ್ತು. ಎಲ್ಲೂ ತಪ್ಪಿರಲಿಲ್ಲ.

ಹಾಲು ಅಂಚಿಗೆ ಬಂತು.

"ಕೊಟ್ರಮ್ಮ," ಎಂದಳು ಭವಾನಿ.

ಉರಿ ಒಮ್ಮೆ ಕುಗ್ಗಿತು. ನೀಲಿಯಾಗಿ ನೆಟ್ಟಗೆ ನಿಂತಿತು. ಹಾಲು ಉಕ್ಕಿತು. ಬಿಳಿಯಾಗಿ, ಸದ್ದು ಮಾಡುತ್ತ, ಹೊಸ ಕಲ್ಲಿನ ಮೇಲೆ ಹರಿಯಿತು. ಯಾರೋ ಪಕ್ಕದಲ್ಲಿ ಹಾದುಹೋದಂತೆ ಅವಳ ಸೆರಗು ಅಲುಗಿತು. ತಲೆಯೊಳಗೆ, ಎಲ್ಲೋ ಬಹಳ ಹಿಂದೆ, ಒಂದು ಬಾಗಿಲು ಮುಚ್ಚಿದ ಸದ್ದು. ಹೊರಗೆ ಗವಿಸಿದ್ದೇಶ ಮುಳುಗಿ ಎದ್ದವನಂತೆ ದೊಡ್ಡದಾಗಿ ಉಸಿರೆಳೆದುಕೊಂಡ. ಬಲ್ಬು ಹತ್ತಿತು. ಗೋಡೆ ಬಿಳಿಯಾಗಿತ್ತು.

ವಿರೂಪಾಕ್ಷಮ್ಮ ಸೊಸೆಯನ್ನು ತಬ್ಬಿಕೊಂಡು ಅತ್ತಳು. ಹೆಂಗಸರು ಒಳಗೆ ಬಂದರು, ಆರತಿ ಎತ್ತಿದರು. ಮಾತು, ನಗು, ಬಳೆಯ ಸದ್ದು ಮನೆ ತುಂಬಿತು. ಬಂದವರಿಗೆ ಏನಾದರೂ ಕೊಡಬೇಕಲ್ಲವೆಂದು ಭವಾನಿ ಹೊಸ ಒಲೆಯ ಮೇಲೆ ಬಾಣಲೆಯಿಟ್ಟಳು. ಮಂಡಕ್ಕಿಯನ್ನು ನೀರಿಗೆ ಹಾಕಿ, ಎರಡು ಅಂಗೈ ನಡುವೆ ಒತ್ತಿ, ಒಂದೇ ಕುಲುಕಿಗೆ ಹಿಂಡಿ ತೆಗೆದಳು. ಒಗ್ಗರಣೆ ಸಿಡಿಯಿತು. ಹುರಿಗಡಲೆಯ ಪುಡಿಯನ್ನು ಮೇಲಿಂದ, ಕೈ ಎತ್ತರಕ್ಕೆ ಹಿಡಿದು ಉದುರಿಸಿದಳು. ಎಷ್ಟು ಹಾಕಬೇಕೆಂದು ಯೋಚಿಸಬೇಕಾಗಿರಲಿಲ್ಲ. ಕೈಗೆ ಗೊತ್ತಿತ್ತು.

ಗವಿಸಿದ್ದೇಶ ಗೋಡೆ ಹಿಡಿದುಕೊಂಡು ಎದ್ದು ಬಂದು ಕೂತ. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. ಎಷ್ಟೋ ದಿನದ ಮೇಲೆ ರುಚಿ ಸಿಕ್ಕಿತು ಎಂದ. ಪಕ್ಕದ ಮನೆಯ ಹೆಂಗಸು, ನಮ್ಮ ಮಂಡಕ್ಕಿ ಸೂಸಲಕ್ಕೆ ಈ ರುಚಿ ಬರೋದಿಲ್ಲ, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದಳು.

ಭವಾನಿ ಹೇಳಲು ಬಾಯಿ ತೆರೆದಳು. ಮಾತು ಇರಬೇಕಾದ ಜಾಗಕ್ಕೆ ಹೋಗಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಒಂದು ಕೈ ಕಂಡಂತಾಯಿತು, ಬರಿಯ ಕೈ, ಅದೂ ನೋಡನೋಡುತ್ತಲೇ ಅಂಚಿನಿಂದ ಕಪ್ಪಾಗಿ ಸುರುಟಿ ಉದುರಿಹೋಯಿತು.

"ಯಾರೂ ಕಲಿಸಿಲ್ಲ. ಹಂಗೇ ಬಂತು," ಎಂದಳು.

ಗವಿಸಿದ್ದೇಶ ನಕ್ಕ. "ಹಂಗ್ಯಾಕ ಅಂತಿ? ನಿಮ್ಮವ್ವಂದಽ ಕೈರುಚಿ ಇದು. ಓದುವಾಗ ನಾನು ನಿಮ್ಮ ಮನಿಗಿ ಬಂದಾಗೆಲ್ಲ, ಭಟ್ಟಿಯಿಂದ ಬಂದು ಎಷ್ಟ ದಣಿದಿದ್ರೂ ನಮಗ ಮಾಡಿ ಹಾಕತಿದ್ರಲ್ಲ, ಕೊಟ್ರಮ್ಮತ್ತಿ."

ಕೆಳಗೆ ಕೂತಿದ್ದ ವಿರೂಪಾಕ್ಷಮ್ಮನ ತುತ್ತು ಕೈಯಲ್ಲೇ ನಿಂತಿತು. ಸೊಸೆ ಒಲೆಯ ಮುಂದೆ ಹೇಳಿದ ಹೆಸರನ್ನು ಕೇಳಿದವಳು ಅವಳೊಬ್ಬಳೇ.

ಭವಾನಿ ಗಂಡನ ಮುಖ ನೋಡಿದಳು. ತರಗತಿಗೆ ಹೊಸದಾಗಿ ಸೇರಿದ ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಲ್ಲಿ ಮೊದಲ ಸಲ ಓದುವಾಗಿನಂತೆ, ಆ ಹೆಸರನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡಳು. ಬಾಣಲೆಯ ಉಳಿದ ಮಂಡಕ್ಕಿಯನ್ನು ಅವನ ತಟ್ಟೆಗೆ ಬಡಿಸಿದಳು.

"ಯಾರು ಅವರು?" ಎಂದು ಕೇಳಿದಳು.