ಮೊಲದ ಮೀಸೆ

ಗಂಡ ಎಂಡ್ರೆಸ್‌ನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ನ್ಯೂರೆಂಬರ್ಗಿನಲ್ಲಿ ಒಳ್ಳೆಯ ಬಿಸಿಲಿತ್ತು. ಕಾಫಿ ಕುಡಿಯುತ್ತಿದ್ದಾಗ ಅವನ ಕೋಣೆಯಿಂದ ಟಿಣ್ ಟಿಣ್ ಎಂದು ಕೇಳಿಸಿತು. ಕುಂಚ ತೊಳೆದು ಲೋಟದ ಅಂಚಿಗೆ ಬಡಿಯುವ ಸದ್ದು. ಹೋಗಿ ನೋಡಿದರೆ ಯಾರೂ ಇರಲಿಲ್ಲ. ಲೋಟದ ನೀರು ಮಾತ್ರ ಹಾಲಿನಂತೆ ಬೆಳ್ಳಗಾಗಿ, ಇನ್ನೂ ಸುತ್ತುತ್ತಿತ್ತು.

ಐನೂರು ವರ್ಷದ ಹಿಂದೆ ನಮ್ಮೂರಿನಲ್ಲಿ ಬರೆದ ಮೊಲದ ಜಲವರ್ಣ ಚಿತ್ರವನ್ನು ನಕಲು ಮಾಡುವುದು ಅವನ ಕಸುಬು. ರೋಮ ನೋಡಿ ಬರೆಯಲೆಂದು ಕೆಳಮನೆಯ ಕುನಿಗುಂಡೆ ಅಜ್ಜಿಯಿಂದ ಹುಲ್ಲು ತುಂಬಿದ ಮೊಲವೊಂದನ್ನು ತಂದಿದ್ದ. ಅದು ಅಜ್ಜಿಯ ಗಂಡನ ಕೊನೆಯ ಬೇಟೆ. ಅದರ ಮೀಸೆಯನ್ನೆಲ್ಲ ನುಸಿ ತಿಂದಿತ್ತು. ಈಸ್ಟರಿಗೆ ಹಿಂದಿರುಗಿಸುವುದಾಗಿ ಮಾತು ಕೊಟ್ಟಿದ್ದ. ಇನ್ನು ಮೂರೇ ದಿನ.

ಅವನು ಕೊನೆಯದಾಗಿ ನೋಡುತ್ತಾ ಕುಳಿತಿದ್ದು ಅದನ್ನೇ. ನನಗೆ ಕೊಡಲು ಮನಸ್ಸಿರಲಿಲ್ಲ. ಆದರೂ ಅವನ ಮಾತು ಉಳಿಯಲೆಂದು ಎತ್ತಿಕೊಂಡೆ. ಬಿಸಿಲೇ ಬೀಳದ ಆ ಕೋಣೆಯಲ್ಲಿ ಮೊಲ ಬೆಚ್ಚಗಿತ್ತು.

"ಬಾರೇ ಉರ್ಸುಲಾ," ಎಂದು ಕೆಳಮನೆಯ ಬಾಗಿಲು ತೆರೆದರು ಅಜ್ಜಿ. "ನಮ್ಮ ಮೊಲ ನಿಮ್ಮನೇಲಿ ಏನ್ ತಿಂತು?"

"ನನ್ನ ತಲೆ ತಿಂತು ಅಜ್ಜಿ!"

ಇಬ್ಬರೂ ನಕ್ಕೆವು. ನನಗೆ ಎಷ್ಟೋ ದಿನದ ಮೇಲೆ ನಗು ಬಂದಿತ್ತು. ಅಜ್ಜಿ ಕನ್ನಡಕ ಏರಿಸಿಕೊಂಡು ಮೊಲದ ಮುಖ ನೋಡಿದರು.

"ಅಯ್ಯೋ, ನಮ್ಮೆಜಮಾನ್ರು ಹೊಡ್ಕೊಂಡು ಬಂದಾಗ ಹೀಗೇ ಇತ್ತು ಕಣೇ! ಮೀಸೆ ಯಾವಾಗ ಅಂಟಿಸಿದ ನಿನ್ನ ಗಂಡ?"

ಮೂತಿಯ ಎರಡೂ ಕಡೆ ಉದ್ದನೆಯ ಬಿಳಿ ಮೀಸೆ ನಿಮಿರಿ ನಿಂತಿತ್ತು. ಒಂದನ್ನು ಮೆಲ್ಲಗೆ ಮುಟ್ಟಿದೆ. ಬೆರಳಿಗೆ ಹಸಿ ಬಣ್ಣ ಅಂಟಿತು.