ಎರಡು ಜಮೀನು ನಿಲ್ಲಿಸಿ ಕೂತವಳು

ಗೋರಖನಾಥ ಮೊದಲ ಸಲ ನನ್ನೆದುರು ಆಡಲು ಕೂತಾಗ ಸೀದಾ ಒಂದು ಆನೆ ತಂದು ಮೇಜಿನ ಮೇಲಿಟ್ಟರು. ಕಾರ್ಡಿನ ಆನೆ. ಇಟ್ಟು, ಹ್ಯಾಂಗದ ನೋಡ್ರಿ ಅನ್ನುವ ಹಾಗೆ ಹುಬ್ಬು ಹಾರಿಸಿದರು.

"ತಡಿರಿ," ಅಂದೆ.

ನನ್ನ ಕೈಯಿಂದ ಒಂದು ನೀಲಿ ಕಾರ್ಡು ಇಳಿಯಿತು. ಆನೆ ಔಟಾದ ಕಾರ್ಡುಗಳ ರಾಶಿ ಸೇರಿತು.

"ಅಲ್ರೀ, ಅದು ಇನ್ನಾ ಉಸಿರೇ ಬಿಟ್ಟಿಲ್ಲ!"

"ಬಿಡೂದೂ ಬ್ಯಾಡ್ರಿ."

ಅವರು ನಕ್ಕರು. ನನ್ನ ಮುಂದೆ ಸೋತವರು ಸಾಮಾನ್ಯವಾಗಿ ನಗುವುದಿಲ್ಲ, ಹಲ್ಲು ಕಡಿಯುತ್ತಾರೆ. ಈ ಮನುಷ್ಯ ಕಣ್ಣಿನ ತುದಿಯವರೆಗೂ ನಕ್ಕರು. ಆ ಆಟ ಗೆದ್ದವಳು ನಾನು, ಮನಸ್ಸು ಕಳೆದುಕೊಂಡವಳೂ ನಾನೇ. ಸುಳ್ಳು ಯಾಕೆ ಹೇಳಲಿ?

ಅದು 2015ರ ಶ್ರಾವಣ. ಹೆಸರಿಗಷ್ಟೇ ಶ್ರಾವಣ, ಬೀದರ ಜಿಲ್ಲೆಗೆ ಮಳೆ ಕೈಕೊಟ್ಟ ಎರಡನೇ ವರ್ಷ. ಬೀದರ ಪಟ್ಟಣದ ಚಿದ್ರಿಯಲ್ಲಿ ಉಸ್ಮಾನ ಮಿಯಾರ ಹೋಟೆಲಿನ ಮೇಲಿನ ಕೋಣೆಯಲ್ಲಿ ಪ್ರತಿ ರವಿವಾರ ನಮ್ಮ ಕಾರ್ಡ್ ಕ್ಲಬ್ ಕೂಡುತ್ತಿತ್ತು. ಮೊಬೈಲ್ ಅಂಗಡಿಯ ಜ್ಞಾನೇಶ್ವರ ಈ ಆಟವನ್ನು ಹೈದರಾಬಾದಿನಿಂದ ಹತ್ತಿಸಿಕೊಂಡು ಬಂದಿದ್ದ. ಕಾರ್ಡು ಮಾರುವವನೂ ಅವನೇ, ಟೂರ್ನಮೆಂಟ್ ನಡೆಸುವವನೂ ಅವನೇ, ಜಗಳ ಬಂದರೆ ತೀರ್ಪು ಕೊಡುವವನೂ ಅವನೇ. ನಾನು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ವಾರವಿಡೀ ಜನರಿಗೆ ಸೂಜಿ ಚುಚ್ಚಿ, ರವಿವಾರ ಬಂದು ಇಲ್ಲಿ ಚುಚ್ಚುತ್ತಿದ್ದೆ.

ಗೋರಖ ಭಾಲ್ಕಿ ಕಡೆಯ ಸಾಯಗಾಂವದವರು. ಔರಾದದಲ್ಲಿ ಪಶು ಇಲಾಖೆಯ ನೌಕರಿ. ಬರಕ್ಕೆಂದು ತೆರೆದ ಗೋಶಾಲೆಯಲ್ಲಿ ದನಗಳ ಮದ್ದು, ಮೇವು ನೋಡಿಕೊಳ್ಳುತ್ತಿದ್ದರು. ಜನರ ಬಾಯಲ್ಲಿ 'ಡಾಕ್ಟ್ರು'. ಈ ಆಟಕ್ಕೆ ಪ್ರತಿಯೊಬ್ಬರೂ ತಮ್ಮದೇ ಕಾರ್ಡಿನ ಕಟ್ಟು, ಅಂದರೆ ಡೆಕ್ಕು, ತರಬೇಕು. ಅವರ ಡೆಕ್ಕೂ ಅವರಂತೆಯೇ, ಹಸಿರು ಬಣ್ಣದ್ದು. ಬರೀ ಆನೆ, ಕರಡಿ, ಕಾಡುಕೋಣ.

"ವಾರ ಪೂರ್ತಿ ದನ ಮೇಯಿಸಿದ್ದು ಸಾಲಲಿಲ್ಲೇನ್ರಿ ಡಾಕ್ಟ್ರೇ?" ಅಂತ ಚುಡಾಯಿಸಿದ್ದೆ.

"ಇವು ಮೇವು ಕೇಳಂಗಿಲ್ರಿ ಗಿರಿಜಾಬಾಯಿ. ಅದೊಂದೇ ಆರಾಮ."

ನನಗಿಟ್ಟದ್ದು ಅಜ್ಜಿಯ ಹೆಸರು. ಇವರು 'ಗಿರಿಜಾಬಾಯಿ' ಅಂದಾಗಲೆಲ್ಲ ಹಿಂದೆ ಅಜ್ಜಿ ನಿಂತಿದ್ದಾಳೇನೋ ಅಂತ ತಿರುಗಿ ನೋಡುವ ಹಾಗಾಗುತ್ತಿತ್ತು.

ನನ್ನದು ನೀಲಿ ಡೆಕ್ಕು. ಟೆಂಪೊ ಡೆಕ್ ಅಂತಾರೆ. ಉಸ್ಮಾನ ಮಿಯಾ ಅದನ್ನು ಕೇಳಿದ ದಿನ, "ಟೆಂಪೊ ಅದ ಅಂತಿ ಬೇಟಿ, ಮಾಲು ಎಲ್ಲದ?" ಅಂದಿದ್ದರು. ಮಾಲು ಜಾಸ್ತಿ ಇಲ್ಲದಿರುವುದೇ ಈ ಡೆಕ್ಕಿನ ಗುಣ. ಮೊದಲೇ ಒಂದು ಸಣ್ಣ ಹಕ್ಕಿ ಇಳಿಸಬೇಕು. ಅದು ಪಾಳಿಗೊಂದು ಸಲ ಎದುರಿನವರ ಜೀವ ಕುಕ್ಕುತ್ತಾ ಇರುತ್ತದೆ; ಜೀವದ ಅಂಕ ಮುಗಿದವರು ಸೋತಂತೆ. ಅವರು ದೊಡ್ಡದೇನಾದರೂ ತರಲು ಹೋದರೆ ನಾನು ತಡೆಯಬೇಕು. ಅವರಿಗೆ ಪುರಸೊತ್ತು ಸಿಗಬಾರದು, ಅಷ್ಟೇ.

ತಡೆಯುವುದಕ್ಕೆ ಎರಡು ಜಮೀನು ಬೇಕು. ಜಮೀನೂ ಕಾರ್ಡೇ; ಅದರ ಬಲದ ಮೇಲೇ ಉಳಿದ ಕಾರ್ಡು ಆಡುವುದು. ಒಮ್ಮೆ ಬಳಸಿದರೆ ಅಡ್ಡ ಮಲಗಿಸಬೇಕು, ಮುಂದಿನ ನನ್ನ ಪಾಳಿಯವರೆಗೆ ಅದು ಏಳುವುದಿಲ್ಲ. ಹಾಗಾಗಿ ನಾನು ಯಾವಾಗಲೂ ಎರಡು ಜಮೀನು ನೆಟ್ಟಗೆ ನಿಲ್ಲಿಸಿಕೊಂಡೇ ಪಾಳಿ ಬಿಡುತ್ತಿದ್ದೆ. ಎದುರಿನವರು ಅವನ್ನು ನೋಡಿ ಹೆದರಬೇಕು.

ಈಗ ಒಂದು ಗುಟ್ಟು ಹೇಳುತ್ತೇನೆ. ಬಹಳ ಸಲ ನನ್ನ ಕೈಯಲ್ಲಿ ತಡೆಯುವ ಕಾರ್ಡೇ ಇರುತ್ತಿರಲಿಲ್ಲ! ಜಮೀನು ನಿಂತಿದೆ, ಮುಖ ಬಿಗಿದಿದೆ, ಕೈಯಲ್ಲಿ ಮಾತ್ರ ಏನೂ ಇಲ್ಲ. ಗೋರಖ ಆನೆಯನ್ನು ಅರ್ಧ ಎತ್ತುವರು. ನನ್ನ ಜಮೀನು ನೋಡುವರು. ಕಣ್ಣೆತ್ತಿ ನನ್ನ ಮುಖ ನೋಡುವರು. ಆ ನೋಟ ಸ್ವಲ್ಪ ಹೊತ್ತು ಅಲ್ಲೇ ಉಳಿಯುವುದು. ಆಮೇಲೆ ಆನೆಯನ್ನು ಕೈಗೆ ಸೇರಿಸಿಕೊಂಡು, "ನಿಮ್ಮ ಪಾಳಿ" ಅನ್ನುವರು.

ಆಟದಲ್ಲಿ ಇದರಿಂದ ನನಗೆ ಲಾಭವೇ. ಆದರೆ ಈ ಮನುಷ್ಯ ಮೇಜಿನಿಂದ ಎದ್ದ ಮೇಲೂ ಹಾಗೇ ಮಾಡತೊಡಗಿದರು.

ಸಂಕ್ರಾಂತಿ ಆದ ಮೇಲಿನ ರವಿವಾರ. ಕೆಳಗೆ ಹೋಟೆಲಿನಲ್ಲಿ ಇಬ್ಬರೇ ಕೂತಿದ್ದೆವು. ಗೋರಖ ನೀರಿನ ಲೋಟವನ್ನು ಅತ್ತಿತ್ತ ತಿರುಗಿಸಿ, "ಗಿರಿಜಾಬಾಯಿ, ನಿಮಗೊಂದು ಮಾತು ಕೇಳೂದಿತ್ತು" ಅಂದರು.

ನನ್ನ ಎದೆ ಡವಡವ ಅಂತು. ಬಾಯಿ ಮಾತ್ರ ರೂಢಿಬಿದ್ದದ್ದು. "ತಡಿರಿ, ಚಹಾ ಬರ್ಲಿ" ಅಂದುಬಿಟ್ಟೆ.

ಚಹಾ ಬಂತು. ಅವರು ಒಂದು ಗುಟುಕು ಕುಡಿದರು.

"ಏನೋ ಕೇಳ್ತಿದ್ರಿ?"

"ಅದೇ... ಸಕ್ಕರಿ ಬರಾಬರ್ ಅದೇನ್ರಿ?"

ಆ ಕಪ್ಪನ್ನು ಅವರ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು. ಬರಗಾಲ ನೋಡಿ ಸುಮ್ಮನಾದೆ.

ನಾನೇ ಕೇಳಬಹುದಿತ್ತಲ್ಲ ಅಂತೀರಿ. ಕೇಳಬಹುದಿತ್ತು. ಆದರೆ ನೀಲಿ ಆಡುವವರು ತಾವಾಗಿ ಮುಂದೆ ಬರುವುದಿಲ್ಲ. ಎದುರಿನವರು ಇಳಿಸಲಿ, ಆಮೇಲೆ ನೋಡೋಣ ಅಂತ ಕೂರುತ್ತಾರೆ. ನನಗೂ ಜಂಬ ಇತ್ತು, ಅದಕ್ಕಿಂತ ಜಾಸ್ತಿ ಭಯ ಇತ್ತು.

ಬೇಸಿಗೆ ಬರುವಷ್ಟರಲ್ಲಿ ಕ್ಲಬ್ಬು ಕರಗತೊಡಗಿತು. ಆಡುವವರಲ್ಲಿ ಒಬ್ಬ ಪುಣೆಗೆ ಹೋದ, ಇಬ್ಬರು ಹೈದರಾಬಾದಿಗೆ ಹೋದರು. ಎಂಟು ಜನ ಇಲ್ಲದೆ ಟೂರ್ನಮೆಂಟ್ ಇಲ್ಲ ಅಂತ ಜ್ಞಾನೇಶ್ವರ ಅಳುಮುಖ ಮಾಡಿದಾಗ ಉಸ್ಮಾನ ಮಿಯಾ ತಾವೇ ಕೈ ಒರೆಸಿಕೊಂಡು ಬಂದು ಎಂಟನೆಯವರಾಗಿ ಕೂತರು. ಅವರಿಗೆ ನಿಯಮ ಒಂದೂ ಗೊತ್ತಿರಲಿಲ್ಲ. ಆದರೂ ಎರಡು ಸಲ ಗೆದ್ದರು.

ನಮ್ಮ ಮನೆಯಲ್ಲೂ ಗಂಟುಮೂಟೆ ಕಟ್ಟುವ ಮಾತು ಶುರುವಾಯಿತು. ಮನೆಮಾಲಕರ ಬೋರು ಬತ್ತಿತ್ತು. ಅವ್ವ ಕೊಡ ಹಿಡಿದು ಓಣಿ ಓಣಿ ತಿರುಗುತ್ತಿದ್ದಳು. ಪುಣೆಯಲ್ಲಿದ್ದ ಅಣ್ಣ, ಎಲ್ಲರೂ ಬಂದುಬಿಡ್ರಿ, ಗಿರಿಜಾಗೂ ಇಲ್ಲೊಂದು ಲ್ಯಾಬಿನಲ್ಲಿ ಕೆಲಸ ನೋಡೀನಿ ಅಂತ ದಿನಾ ಫೋನು ಮಾಡುತ್ತಿದ್ದ.

ಅಪ್ಪ ಕಾಶೀರಾಮ ಕಡಿಮೆ ಮಾತಿನ ಮನುಷ್ಯ. ಒಂದು ಸಂಜೆ ಕರೆದು ಕೂರಿಸಿಕೊಂಡ.

"ನಿಂಗ ಇಲ್ಲಿ ನೌಕರಿ ಅದ. ನೀ ಇರ್ತೇನಿ ಅಂದ್ರ ನಾವೂ ಹ್ಯಾಂಗರ ಮಾಡಿ ಇರ್ತೇವಿ. ಆದ್ರ ಇರ್ಲಾಕ ಒಂದು ಕಾರಣ ಹೇಳು. ಸೋಮವಾರ ನಿಮ್ಮಣ್ಣಗ ಜವಾಬು ಕೊಡಬೇಕು."

ಕಾರಣ ಇತ್ತು. ಅದು ಔರಾದದಲ್ಲಿ ದನಗಳ ನಡುವೆ ಓಡಾಡುತ್ತಿತ್ತು. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಆ ಸೋಮವಾರದ ಹಿಂದಿನ ರವಿವಾರವೇ ಫೈನಲ್. ಬಹುಮಾನ ಕಪ್ಪಲ್ಲ, ಕಾಸಲ್ಲ: ಒಂದು ಟ್ಯಾಂಕರ್ ನೀರು! ಉಸ್ಮಾನ ಮಿಯಾರ ಭಾವನದೊಂದು ಟ್ಯಾಂಕರ್ ಇತ್ತು; ಗೆದ್ದವರು ಹೇಳಿದ ಮನೆ ಮುಂದೆ ಮರುದಿನವೇ ಬಂದು ನಿಲ್ಲುತ್ತದೆ ಅಂತ ಮಾತು. ಅವ್ವ ಶಾಲುಬಾಯಿ ನಾನು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಬಂದು, "ನೀ ಏನ್ ಆಡ್ತಿಯೋ ನಂಗ ತಿಳಿಯಂಗಿಲ್ಲ. ಟ್ಯಾಂಕರ್ ತಗೊಂಡೇ ಬಾ" ಅಂದಳು. ಆಗಲೇ ಅಂಗಳದಲ್ಲಿ ಡ್ರಮ್ ತೊಳೆದು ಬೋರಲು ಹಾಕಿದ್ದಳು.

ಫೈನಲ್ಲಿಗೆ ಉಳಿದವರು ಗೋರಖ ಮತ್ತು ನಾನು.

ಒಂದು ಆಟ ಅವರು ಗೆದ್ದರು, ಒಂದು ನಾನು. ಮೂರನೆಯದು ನಡೆದಿತ್ತು. ಸುತ್ತ ನಿಂತವರ ಬೆವರಿನ ವಾಸನೆ, ಮೇಲೆ ಕಿರಗುಟ್ಟುವ ಫ್ಯಾನು. ನನ್ನ ಹಕ್ಕಿ ಕುಕ್ಕಿ ಕುಕ್ಕಿ ಅವರ ಜೀವ ಇನ್ನೆರಡು ಕುಕ್ಕಿಗೆ ಬಂದಿತ್ತು. ಅವರ ಕರಡಿಗಳೂ ನನ್ನನ್ನು ಸುಮ್ಮನೆ ಬಿಟ್ಟಿರಲಿಲ್ಲ; ಬಂದ ಗಳಿಗೆಯಲ್ಲೇ ನುಗ್ಗುವ ಅವರ ಆನೆ ಇಳಿದರೆ ನನ್ನ ಕಥೆ ಮುಗಿಯುತ್ತಿತ್ತು.

ನನ್ನ ಪಾಳಿ. ಕಾರ್ಡು ಎಳೆದೆ. ತಡೆಯುವ ಕಾರ್ಡು!

ಇಡೀ ವರ್ಷ ಬೇಕಾದಾಗ ಬಾರದ್ದು ಇವತ್ತು ಬಂದಿತ್ತು. ಹಕ್ಕಿಯ ಈ ಪಾಳಿಯ ಕುಕ್ಕು ಮುಗಿಸಿದೆ, ಇನ್ನೊಂದೇ ಬಾಕಿ. ಎರಡು ಜಮೀನು ನಿಲ್ಲಿಸಿ ಪಾಳಿ ಬಿಟ್ಟರೆ ಸಾಕು. ಅವರು ಆನೆ ತಂದರೆ ತಡೆಯುತ್ತೇನೆ, ತರದಿದ್ದರೂ ಮುಂದಿನ ಪಾಳಿಗೆ ಹಕ್ಕಿ ಕುಕ್ಕುತ್ತದೆ. ಟ್ಯಾಂಕರ್ ನಮ್ಮದು.

ತಲೆಯೆತ್ತಿದೆ. ಗೋರಖ ಆಗಲೇ ನನ್ನ ಜಮೀನು ನೋಡುತ್ತಿದ್ದರು. ಅದೇ ನೋಟ, ಅದೇ ಹಿಂಜರಿಕೆ. ಈ ಮನುಷ್ಯ ಇವತ್ತೂ ಪಾಳಿ ಬಿಟ್ಟು ಔರಾದದ ಬಸ್ ಹತ್ತುತ್ತಾರೆ, ನಾನು ಪುಣೆಯ ಬಸ್ ಹತ್ತುತ್ತೇನೆ. ಸಿಟ್ಟು ಬಂತು.

ಎರಡೂ ಜಮೀನು ಹಿಡಿದು ಅಡ್ಡ ಮಲಗಿಸಿದೆ. ಯಾರಿಗೂ ಬೇಡದ ಒಂದು ಸಣ್ಣ ಮೀನು ತಂದು ಮೇಜಿನ ಮೇಲಿಟ್ಟೆ.

"ನಿಮ್ಮ ಪಾಳಿ."

ಗೋರಖ ಗಾಬರಿಯಾಗಿ ಮುಂದೆ ಬಾಗಿದರು. "ಗಿರಿಜಾಬಾಯಿ, ತಪ್ಪಿ ಆಡಿದ್ರೇನ್ರಿ? ವಾಪಸ್ ತಗೋರಿ, ನಂದೇನೂ ತಕರಾರಿಲ್ಲ."

"ವಾಪಸ್ ಇಲ್ಲ," ಅಂದ ಜ್ಞಾನೇಶ್ವರ.

"ತಪ್ಪಲ್ರಿ," ಅಂದೆ. "ಈಗ ನಾ ಏನೂ ತಡಿಲಾಕ ಆಗಂಗಿಲ್ಲ. ನಿಮಗ ಏನೇನ್ ಮಾಡೂದದ, ಏನೇನ್ ಹೇಳೂದದ, ಈಗ ಹೇಳ್ರಿ. ಮುಂದಿನ ರವಿವಾರ ನಾ ಇಲ್ಲಿರಂಗಿಲ್ಲ. ಪುಣೆಕ್ಕ ಹೋಗ್ತೇನಿ."

ಅವರು ಮಲಗಿದ ಜಮೀನು ನೋಡಿದರು. ನನ್ನ ಮುಖ ನೋಡಿದರು. ಮೊದಲು ಕಿವಿ ಕೆಂಪಾಯಿತು, ಆಮೇಲೆ ಕೆನ್ನೆ. ಕೈಯಲ್ಲಿದ್ದ ಕಾರ್ಡುಗಳನ್ನು ಮೆಲ್ಲಗೆ ಮೇಜಿನ ಮೇಲೆ ಬೋರಲಿಟ್ಟರು.

"ಔರಾದದಾಗ ನಂಗ ಕ್ವಾರ್ಟರ್ಸ್ ಕೊಟ್ಟಾರ್ರಿ," ಅಂದರು. "ಎರಡು ಖೋಲಿ. ನಳದಾಗ ನೀರಿಲ್ಲ. ಮಾಳಿಗಿ ಸೋರ್ತದೋ ಇಲ್ಲೋ ಗೊತ್ತಿಲ್ಲ, ನಾ ಹೋದಾಗಿನಿಂದ ಮಳಿನೇ ಬಂದಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಉಸ್ಮಾನ ಮಿಯಾ, "ಚುಪ್!" ಅಂದರು.

"ಇಂಥಾ ಮನಿಗೆ ಬರ್ರಿ ಅಂತ ಕೇಳ್ಲಾಕ ಬಾಯಿ ಬರಲಿಲ್ಲ. ಮತ್ತ ನೀವು ಎಲ್ಲಾಕ್ಕೂ ತಡಿರಿ ಅಂತೀರಿ. ಇದಕ್ಕೂ ಅಂದ್ರ ನಾ ತಡ್ಕೊಳ್ಳಂಗಿಲ್ಲ ಅಂತ ಅಂಜಿದೆ. ಗಿರಿಜಾ, ಪುಣೆಕ್ಕ ಹೋಗಬ್ಯಾಡ. ನನ್ನ ಜೋಡಿ ಇರ್ತೀ ಏನು?"

ಗಿರಿಜಾ. 'ಬಾಯಿ' ಸೇರಿಸದ ಬರೀ ಗಿರಿಜಾ. ಹಿಂದೆ ಅಜ್ಜಿ ಇರಲಿಲ್ಲ, ನಾನೊಬ್ಬಳೇ ಇದ್ದೆ.

"ಇರ್ತೇನಿ," ಅಂದೆ.

ಉಸ್ಮಾನ ಮಿಯಾ ಕೆಳಗೆ ಕೂಗಿ ಎಲ್ಲರಿಗೂ ಚಹಾ ಹೇಳಿದರು. ಗೋರಖ ನಗುತ್ತಾ ಕೂತೇ ಇದ್ದರು. ನಾನೇ ಮೇಜು ಕುಟ್ಟಿದೆ.

"ಪಾಳಿ ಇನ್ನಾ ನಿಮ್ದೇ ಅದ. ಆಡ್ರಿ."

"ಈಗಾ? ಬ್ಯಾಡ ಬಿಡು, ನಾ ಸೋತೆ ಅಂತ—"

"ಬಿಟ್ಟು ಕೊಟ್ರ ಲಗ್ನ ಕ್ಯಾನ್ಸಲ್."

ಆನೆ ಇಳಿಯಿತು. ನುಗ್ಗಿತು. ನಾನು ಸೋತೆ. ಆಮೇಲೆ ನನ್ನ ಕೈಯಲ್ಲಿದ್ದ ಕಾರ್ಡನ್ನು ತಿರುಗಿಸಿ ತೋರಿಸಿದೆ.

ಅವರು ಬಾಯಿ ತೆರೆದು ನೋಡಿದರು. "ಇದು ಇತ್ತಾ? ಇದ್ದೂ ಮಲಗಿಸಿದಿ?"

"ಇವತ್ತಿತ್ತು. ವರ್ಷ ಪೂರ್ತಿ ನೀವು ಅಂಜಿದಾಗ ಬಹಳ ಸಲ ಇದ್ದಿಲ್ಲ."

"ಅಂದ್ರ... ಸಂಕ್ರಮಣದಾಗೇ ಕೇಳಬಹುದಿತ್ತು!"

"ಶ್ರಾವಣದಾಗೇ ಕೇಳಬಹುದಿತ್ತು."

ಮನೆಗೆ ಬರಿಗೈಯಲ್ಲಿ ಬಂದೆ. ಅವ್ವ ಬೋರಲು ಹಾಕಿದ್ದ ಡ್ರಮ್ಮಿನ ಕಡೆ ನೋಡಿದಳು. ಜವಾಬು ನಾಳೆ ಹೇಳ್ತೇನಿ ಅಂತ ಅಪ್ಪನಿಗೆ ಹೇಳಿ ಒಳಗೆ ಹೋದೆ.

ಮುಂಜಾನೆ ಓಣಿಯಲ್ಲಿ ಹಾರ್ನ್ ಕೇಳಿಸಿತು. ಟ್ಯಾಂಕರ್ ನಮ್ಮ ಬಾಗಿಲಿಗೇ ಬಂದು ನಿಂತಿತು. ಡ್ರೈವರ್ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ಗೋರಖ ಕೂತಿದ್ದರು. ಅವ್ವ ಏನು ಎತ್ತ ಕೇಳದೆ ಡ್ರಮ್ ಉರುಳಿಸಿಕೊಂಡು ಓಡಿದಳು. ಓಣಿಯವರೆಲ್ಲ ಕೊಡ ಹಿಡಿದು ಬಂದರು.

ಅಪ್ಪ ಹೊಸ್ತಿಲಲ್ಲಿ ನಿಂತು ಕೇಳಿದ, "ಯಾರಿವ್ರು?"

"ನೀ ಕಾರಣ ಕೇಳಿದ್ದಿ ಅಲ್ಲಪ್ಪಾ. ಬಂದದ ನೋಡು."

ಗೋರಖ ಇಳಿದು ಬಂದು, "ಜೈ ಭೀಮ್ ರಿ" ಅಂದರು. ಮಾತು ಶುರು ಮಾಡುವ ಮೊದಲು ರೂಢಿಯಂತೆ ನನ್ನ ಕಡೆ ನೋಡಿದರು, ತಡೆಯುತ್ತಾಳೋ ಏನೋ ಅಂತ. ನನ್ನ ಎರಡೂ ಕೈಯಲ್ಲಿ ತುಂಬಿದ ಕೊಡ ಇದ್ದವು.

"ಕಾಕಾ, ನಿಮಗೊಂದು ಮಾತು ಕೇಳೂದಿತ್ತು."

"ತಡಿ ತಮ್ಮಾ," ಅಂದ ಅಪ್ಪ. "ಮೊದಲ ಡ್ರಮ್ ತುಂಬಲಿ."

ನನಗೆ ಜೀವವೇ ಹೋಯಿತು. ಆದರೆ ಗೋರಖ ಈ ಸಲ ಸಕ್ಕರೆಯ ವಿಷಯ ಕೇಳಲಿಲ್ಲ. ತೋಳು ಮಡಚಿ, ಪೈಪು ಹಿಡಿದು, ಡ್ರಮ್ ತುಂಬುವವರೆಗೂ ಅಲ್ಲೇ ನಿಂತರು. ನೀರು ಅಂಚಿಗೆ ಬಂದ ಕೂಡಲೇ ಪೈಪನ್ನು ಅವ್ವನ ಕೈಗೆ ಕೊಟ್ಟು ಅಪ್ಪನ ಮುಂದೆ ಬಂದರು.

"ತುಂಬ್ತು ರಿ ಕಾಕಾ. ಈಗ ಕೇಳ್ಲೇನ?"

ಅಪ್ಪ ಒಮ್ಮೆ ಡ್ರಮ್ ನೋಡಿದ, ಒಮ್ಮೆ ನನ್ನ ನೋಡಿದ. ಆಮೇಲೆ ನಕ್ಕು, ಪುಣೆಗೆ ಹಚ್ಚಬೇಕೆಂದು ಕೈಯಲ್ಲಿ ಹಿಡಿದಿದ್ದ ಫೋನನ್ನು ಜೇಬಿಗೆ ಹಾಕಿಕೊಂಡ.

"ಕೇಳಪ್ಪಾ," ಅಂದ.