ರಾಫಿಯಾಳ ಕೈಬರಹ

ಆ ಬೆಳಿಗ್ಗೆ ಕೊಲ್ಲಿ ನಾಡಿನ ಅಲ್ ಖುವೈರಿನ ಮೇಲೆ ಧೂಳು ಕವಿದಿತ್ತು. ಗಾಳಿಯ ಸುಳಿವಿಲ್ಲ. ಹೆದ್ದಾರಿಯ ಕಾರುಗಳು ಲೈಟು ಹಾಕಿಕೊಂಡು ತೆವಳುತ್ತಿದ್ದವು. ಪ್ರಿಂಟಿಂಗ್ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ರಾಫಿಯಾ ಒಳಗೆ ಬಂದಾಗ ಡಿಸೈನರ್ ರಿಯಾಝ್ ಎದ್ದು ನಿಂತ. ಅವಳ ತಂದೆ ತೀರಿಕೊಂಡು ನಲವತ್ತು ದಿನ ಕಳೆದಿತ್ತು. ಅಷ್ಟು ದಿನವೂ ಅವಳು ಅವನ ಫೋನ್ ಎತ್ತಿರಲಿಲ್ಲ.

ಅದಕ್ಕೂ ಮೊದಲು, ವರ್ಷವಿಡೀ, ಪ್ರತಿ ಗುರುವಾರ ಬರುತ್ತಿದ್ದಳು. ಅಲ್ ಹೈಲಿನ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಕೇಕ್ ಮಾಡಿ ಮಾರುವವಳು. ಡಬ್ಬಿಗಳ ಮೇಲೆ ಬ್ರಷ್‌ನಲ್ಲಿ ಹೆಸರು ಬರೆಯುತ್ತಿದ್ದಳು. ಆ ಬರಹಕ್ಕೆ ರಿಯಾಝ್ ಸೋತಿದ್ದ. ಅದನ್ನು ಕನ್ನಡ ಫಾಂಟ್ ಮಾಡುವೆನೆಂದು ಒಂದೊಂದೇ ಅಕ್ಷರ ಬರೆಸಿಕೊಂಡಿದ್ದ.

“ಇದೊಂದು ‘ಳ’ ಎಷ್ಟು ಸಲ ಬರೆಯುವುದು ಮಾರಾಯ?”

“ಒಂದೇ ತರ ಇದ್ರೆ ಮೆಷಿನ್ ಬರೆದ ಹಾಗೆ ಕಾಣ್ತದೆ. ಈಗಷ್ಟೇ ಬರೆದ ಹಾಗೆ ಬೇಕು.”

“ಸುಳ್ಳು. ನಾನು ಮುಂದಿನ ವಾರವೂ ಬರಬೇಕು, ಅಷ್ಟೇ.”

ಅವನು ಮಾನಿಟರಿನ ಹಿಂದೆ ಮುಖ ಮರೆಸಿಕೊಂಡ. ಅವಳು ಬಗ್ಗಿ ಪಕ್ಕದಿಂದ ಇಣುಕಿದಳು. ಅವನ ಕಿವಿ ಕೆಂಪಾಗಿತ್ತು.

ಫಾಂಟ್ ಜ್ಯೂಸ್ ಅಂಗಡಿಯ ಮೆನುವಿಗೆ ಹೋಯಿತು, ಮದುವೆ ಕಾರ್ಡಿಗೆ ಹೋಯಿತು. ಕಂಡವರ ಮುಖ ಅರಳುತ್ತಿತ್ತು.

ಆಮೇಲೊಂದು ದಿನ, ದೂರದ ರುಸ್ತಾಕ್ ಪಟ್ಟಣದ ಅಂಗಡಿಯಲ್ಲಿ ಕೂತಲ್ಲೇ, ಅವಳ ತಂದೆ ಆದಂರನ್ನು ಅಲ್ಲಾಹನು ತನ್ನ ಬಳಿಗೆ ಕರೆದುಕೊಂಡ. ಊರವರ ಸಂಘದವರು ಮರಣ ವಾರ್ತೆಯ ಪೋಸ್ಟರ್ ಬೇಗ ಬೇಕೆಂದರು. ಮಗಳಿಗೆ ತಿಳಿದಿರುತ್ತದೆ ಎಂದುಕೊಂಡ ರಿಯಾಝ್. ತಂದೆಯ ಹೆಸರು ಅವಳ ಕೈಬರಹದಲ್ಲೇ ಇರಲಿ ಎಂದು, ಅಳುತ್ತಲೇ, ಆ ಫಾಂಟನ್ನೇ ಹಾಕಿದ. ಅವಳಿಗೆ ಸುದ್ದಿ ಹೇಳಲು ಹೊರಟ ಚಿಕ್ಕಪ್ಪ ಇನ್ನೂ ದಾರಿಯಲ್ಲಿದ್ದರು. ವಾಟ್ಸ್ಆಪ್‌ನಲ್ಲಿ ಆ ಪೋಸ್ಟರ್ ಅವಳನ್ನು ಮೊದಲು ಮುಟ್ಟಿತು.

“ಕೂತ್ಕೊ,” ಎಂದ ರಿಯಾಝ್ ಈಗ.

“ಬೇಡ. ಶುಕ್ರವಾರ ಊರಿಗೆ, ಉಮ್ಮನ ಹತ್ತಿರ ಹೋಗ್ತೇನೆ. ಬಾಪ ಹೋದ ಮೇಲೆ ಅವರ ಹೆಸರಲ್ಲಿದ್ದ ನನ್ನ ವೀಸಾನೂ ಖಲಾಸ್.”

“ರಾಫಿಯಾ, ನಿನಗೆ ಗೊತ್ತುಂಟು ಅಂತ ನಾನು...”

“ನೀನು ಬೇಕಂತ ಮಾಡ್ಲಿಲ್ಲ, ಅದು ಗೊತ್ತುಂಟು. ಆದ್ರೆ ಬಾಪ ಸತ್ತದ್ದನ್ನು ನಾನೇ ನನಗೆ ಬರೆದು ಕಳಿಸಿದ ಹಾಗಾಯ್ತು. ಈಗ ಬ್ರಷ್ ಹಿಡಿದ್ರೆ ಆ ಪೋಸ್ಟರೇ ಕಾಣ್ತದೆ. ನನ್ನ ಅಕ್ಷರ ನನಗೆ ವಾಪಸ್ ಬೇಕು.”

ಒಳಗಿನಿಂದ ಮಾಲೀಕ ಶರ್ಫುದ್ದೀನ್ ಕೂಗಿದರು: “ಎಂತದು ವಾಪಸ್? ಮೂರು ಮದುವೆ ಕಾರ್ಡ್ ಉಂಟು ಅದರಲ್ಲಿ!”

“ಬೇರೆ ಫಾಂಟಲ್ಲಿ ಮಾಡ್ತೇನೆ, ಶರ್ಫುದ್ದೀನಾಕ,” ಎಂದ ರಿಯಾಝ್ ಮಾಲೀಕರಿಗೆ.

“ಪಾರ್ಟಿ ಒಪ್ಪದಿದ್ರೆ?”

“ನನ್ನನ್ನೂ ಊರಿಗೆ ಕಳಿಸಿಬಿಡಿ.”

ಅವಳು ನೋಡುತ್ತಿದ್ದಂತೆ ರಿಯಾಝ್ ಆ ಫಾಂಟಿನ ಫೈಲುಗಳನ್ನು ಅಳಿಸಿದ. “ಛಾಪಿಸಿದ್ದು ಹೋಗುವುದಿಲ್ಲ. ಇನ್ನು ಹೊಸದು ಬರುವುದಿಲ್ಲ, ಅಷ್ಟೇ.” ಸ್ಕ್ರೀನಿನಿಂದ ಕಣ್ಣೆತ್ತದೆ ಮತ್ತೆ ಹೇಳಿದ: “ನಿನ್ನನ್ನು ಕೇಳಲಿಕ್ಕೆ ಬಾಪನ ಹತ್ತಿರ ಬರಬೇಕು ಅಂತಿದ್ದೆ.”

“ಅವರಿಗೆ ಗೊತ್ತಿತ್ತು. ಆ ಪೋಕ್ರಿ ಬಂದು ಕೇಳುವಷ್ಟರಲ್ಲಿ ನನಗೆ ಹಲ್ಲೇ ಇರುವುದಿಲ್ಲ ಅಂತ ನಗ್ತಿದ್ರು.”

ಇಬ್ಬರಿಗೂ ನಗು ಬಂತು, ಆದರೆ ಉಳಿಯಲಿಲ್ಲ.

ರಿಯಾಝ್ ಕಪಾಟು ತೆರೆದು ಅವಳು ಬರೆದ ಹಾಳೆಗಳನ್ನೆಲ್ಲ ತೆಗೆದ. ಅಂಚು ಸರಿಮಾಡಿ, ದಾರ ಕಟ್ಟಿ, ಅವಳ ಕೈಗಿಟ್ಟ. ಒಂದನ್ನೂ ತನಗೆಂದು ಇಟ್ಟುಕೊಳ್ಳಲಿಲ್ಲ.